ಬಲವಿದ್ದಷ್ಟು ಗೇರು

ಹೋದ ವರ್ಷ ನಮ್ಮ ಮಿತ್ರನೊಬ್ಬನು ತನ್ನ ಮೋಟಾರ್ ಸೈಕಲ್ಲನ್ನು ಗ್ಯಾರೇಜಿಗೆ ಕೊಂಡೊಯ್ದು, ಹಿಂದಿನ ಚಕ್ರದ ಸ್ಪ್ರಾಕೆಟನ್ನು ತೆಗೆಸಿ, ಅದಕ್ಕಿಂತ ನಾಲ್ಕು ಹಲ್ಲು ಕಡಿಮೆಯಿರುವುದನ್ನು ಹಾಕಿಸಿಕೊಂಡು ಬಂದನು. ಹಿಂದಿನ ಹಲ್ಲು ಕಡಿಮೆಯಾದರೆ ಎಂಜಿನ್ನಿನ ಒಂದೊಂದು ಸುತ್ತಿಗೂ ಗಾಡಿ ಹೆಚ್ಚು ದೂರ ಸಾಗುತ್ತದೆ. ಆದುದರಿಂದ ಗಾಡಿಯ ಗರಿಷ್ಠ ವೇಗವೂ ಹೆಚ್ಚಲೇಬೇಕು ಎಂಬುದು ಅವನ ತರ್ಕ. ಕೇಳಿದ ನಮಗೂ ತರ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಗಾಡಿ ಮಾತ್ರ ಒಪ್ಪಲಿಲ್ಲ. ಕಡೆಯ ಗೇರಿಗೆ ಹಾಕಿದೊಡನೆ ಎಂಜಿನ್ನು ಏದುಸಿರು ಬಿಡತೊಡಗಿತು. ಮೊದಲು ಮುಟ್ಟುತ್ತಿದ್ದ ವೇಗವನ್ನೂ ಮುಟ್ಟದೆ ಹೋಯಿತು. ಮಿತ್ರನು ಗ್ಯಾರೇಜಿನವನನ್ನು ಬೈದನು. ಗ್ಯಾರೇಜಿನವನು ಕೇಳಿದ್ದನ್ನು ಕೇಳಿದಂತೆಯೇ ಮಾಡಿಕೊಟ್ಟಿದ್ದನು. ತಪ್ಪು ಇದ್ದದ್ದು ಕೇಳಿದ್ದರಲ್ಲಿ.

"ಹಾಸಿಗೆಯಿದ್ದಷ್ಟು ಕಾಲು ಚಾಚು" ಎಂದು ನಮ್ಮ ಹಿರಿಯರು ಹೇಳಿದುದು ಹಣಕಾಸಿನ ವಿಚಾರಕ್ಕೆ. ಯಂತ್ರಕ್ಕೂ ಆ ಮಾತು ಅಕ್ಷರಶಃ ಸಲ್ಲುತ್ತದೆಂಬುದು ಆ ದಿನ ನನಗೆ ತಿಳಿಯಿತು. ಈ ಪಾಠವನ್ನು ಅತ್ಯಂತ ನಿಷ್ಠುರವಾಗಿ ಕಲಿಸುವ ಪಾಠಶಾಲೆಯೊಂದು ಜಗತ್ತಿನಲ್ಲಿದೆ. ಅದು ನೆಲದ ಮೇಲಿನ ವೇಗದಾಖಲೆಯ ಕ್ರೀಡೆ. ಅದರಲ್ಲಿಯೂ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಕೂರಿಸಿ ಕಟ್ಟಿದ ಸಣ್ಣ ಕಾರುಗಳ ವರ್ಗ. ಇದನ್ನು ಹುಚ್ಚು ಸಾಹಸವೆಂದು ತಳ್ಳಿಹಾಕುವವರೇ ನಮ್ಮಲ್ಲಿ ಹೆಚ್ಚು. ಅದು ಹುಚ್ಚಲ್ಲ, ಹುಚ್ಚನ್ನು ಬಿಡಿಸುವ ವಿದ್ಯೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಬಾನ್‌ವಿಲ್ ಎಂಬ ಉಪ್ಪಿನ ಬಯಲಿದೆ. ಸಮುದ್ರಮಟ್ಟದಿಂದ ಸುಮಾರು 1280 ಮೀಟರ್ ಎತ್ತರದಲ್ಲಿ, ಕಣ್ಣು ಹಾಯುವವರೆಗೂ ಬೆಳ್ಳಗೆ, ಚಪ್ಪಟೆಯಾಗಿ ಹರಡಿಕೊಂಡಿರುವ ನೆಲ ಅದು. ಚಳಿಗಾಲದಲ್ಲಿ ನೀರು ನಿಂತು, ಬೇಸಗೆಯಲ್ಲಿ ಆರಿ, ಗಟ್ಟಿಯಾದ ಉಪ್ಪಿನ ಹಾಸು ಮೇಲೆ ಉಳಿಯುತ್ತದೆ. 1949ರಿಂದ ಅಲ್ಲಿ 'ಸ್ಪೀಡ್ ವೀಕ್' ಎಂಬ ವೇಗದ ವಾರ ನಡೆಯುತ್ತ ಬಂದಿದೆ. ಆಸ್ಟ್ರೇಲಿಯದ ಗೈರ್ಡ್ನರ್ ಸರೋವರದ ಉಪ್ಪಿನ ಮೇಲೆಯೂ ಇಂಥದೇ ಕೂಟ ಸೇರುತ್ತದೆ. ಇಲ್ಲಿ ಒಬ್ಬನು ಇನ್ನೊಬ್ಬನ ಪಕ್ಕದಲ್ಲಿ ಓಡುವುದಿಲ್ಲ. ತಿರುವು ಇಲ್ಲ, ಹಿಂದಿಕ್ಕುವುದಿಲ್ಲ. ಒಬ್ಬೊಬ್ಬರಾಗಿ ಕೆಲವು ಮೈಲಿಗಳ ನೇರ ಹಾದಿಯಲ್ಲಿ ಓಡಬೇಕು, ಗಡಿಯಾರವು ಅಳೆಯುತ್ತದೆ. ಒಮ್ಮೆ ಓಡಿದರೂ ದಾಖಲೆಯಾಗದು. ಅಂತಾರಾಷ್ಟ್ರೀಯ ದಾಖಲೆಗೆ ಒಂದು ಗಂಟೆಯೊಳಗೆ ಎರಡು ದಿಕ್ಕಿಗೂ ಓಡಿ, ಎರಡರ ಸರಾಸರಿಯನ್ನು ತೆಗೆಯಬೇಕು; ಸ್ಪೀಡ್ ವೀಕಿನಲ್ಲಿ ಮೊದಲ ದಿನ ಅರ್ಹತೆ ಪಡೆದವನು ಮರುದಿನ ಬೆಳಗ್ಗೆ ಮತ್ತೊಮ್ಮೆ ಓಡಿ ತೋರಿಸಬೇಕು. ಅದೃಷ್ಟಕ್ಕೆ ಒಂದು ಓಟ ಸಿಕ್ಕೀತು, ಎರಡು ಸಿಕ್ಕುವುದು ಕಷ್ಟ ಎಂಬುದು ಈ ನಿಯಮದ ಹಿಂದಿನ ಜಾಣತನ.

ಪತ್ರಿಕೆಗಳಲ್ಲಿ ಬರುವ ಸುದ್ದಿಯೆಲ್ಲ ದೊಡ್ಡ ದಾಖಲೆಯದು. 1997ರ ಅಕ್ಟೋಬರ್ 15ರಂದು ಆಂಡಿ ಗ್ರೀನ್ ಎಂಬ ಇಂಗ್ಲಿಷ್ ವೈಮಾನಿಕನು 'ಥ್ರಸ್ಟ್ ಎಸ್‌ಎಸ್‌ಸಿ' ಎಂಬ ವಾಹನದಲ್ಲಿ ಗಂಟೆಗೆ 1227.985 ಕಿಲೋಮೀಟರ್ ವೇಗವನ್ನು ಮುಟ್ಟಿದನು. ನೆಲದ ಮೇಲೆ ಶಬ್ದದ ವೇಗವನ್ನು ದಾಟಿದುದು ಅದೇ ಮೊದಲು. ಮಹತ್ಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ವಾಹನವನ್ನು ನೂಕುವುದು ಎರಡು ಜೆಟ್ ಎಂಜಿನ್ನುಗಳು. ಅದರ ಚಕ್ರಗಳು ಸುಮ್ಮನೆ ಉರುಳುತ್ತವೆ. ಅಲ್ಲಿ ಗೇರಿನ ಪ್ರಶ್ನೆಯೇ ಇಲ್ಲ. ಅಂಥದ್ದನ್ನು ಕಟ್ಟಲು ಒಂದು ಸಂಸ್ಥೆಯೇ ಬೇಕು. ಸಣ್ಣ ವರ್ಗಗಳ ಮಾತು ಬೇರೆ. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ 500 ಸಿಸಿ, 750 ಸಿಸಿ, 1000 ಸಿಸಿ ಎಂದು ಮಿತಿಗಳನ್ನು ಹಾಕಿ ವರ್ಗ ಮಾಡಿರುವುದರಿಂದ ಹೆಚ್ಚಿನ ಬಲವನ್ನು ಕೊಂಡು ತಂದು ಗೆಲ್ಲುವ ದಾರಿ ಇಲ್ಲಿ ಮುಚ್ಚಿದೆ. ಇರುವ ಬಲವನ್ನು ಹೇಗೆ ಉಪಯೋಗಿಸಿದೆ ಎಂಬುದಷ್ಟೇ ಪ್ರಶ್ನೆ.

ಈ ಸಣ್ಣ ಕಾರುಗಳಿಗೆ ಗೌರವದ ಇತಿಹಾಸವಿದೆ. ಇಟಲಿಯ ಜೋವಾನ್ನಿ ಲುರಾನಿ ಎಂಬಾತನು 1935ರಲ್ಲಿ 'ನಿಬ್ಬಿಯೊ' ಎಂಬ ಕಾರಿಗೆ ಮೋಟೋ ಗುಜ್ಜಿ ಮೋಟಾರ್ ಸೈಕಲ್ಲಿನ 500 ಸಿಸಿ ಎಂಜಿನ್ನನ್ನು ಕೂರಿಸಿ, ಆ ಗಾತ್ರದ ಕಾರಿನಲ್ಲಿ ಗಂಟೆಗೆ 100 ಮೈಲಿ, ಅಂದರೆ ಸುಮಾರು 161 ಕಿಲೋಮೀಟರ್, ವೇಗವನ್ನು ದಾಟಿದನು. ಅದೇ ದೇಶದ ಪಿಯೆರೊ ತಾರುಫಿ ಓಟಗಾರನೂ ಹೌದು, ಇಂಜಿನಿಯರನೂ ಹೌದು. ಆತನು 1948ರಲ್ಲಿ ಎರಡು ಕೊಳವೆಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿದಂಥ ವಿಚಿತ್ರ ವಾಹನವನ್ನು ಮಾಡಿ, ಒಂದು ಕೊಳವೆಯಲ್ಲಿ ತಾನು ಕುಳಿತು, ಇನ್ನೊಂದರಲ್ಲಿ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಇಟ್ಟನು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕೂಪರ್ ಮತ್ತು ಅವನ ಮಗ ಜಾನ್ 1946ರಲ್ಲಿ ಎರಡು ಪುಟ್ಟ ಫಿಯಟ್ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ಜೆ.ಎ.ಪಿ. ಮೋಟಾರ್ ಸೈಕಲ್ ಎಂಜಿನ್ನಿನಿಂದ ಓಟದ ಕಾರನ್ನು ಕಟ್ಟಿದರು. ಅದು ಉಪ್ಪಿನ ಬಯಲಿಗಾಗಿ ಕಟ್ಟಿದ್ದಲ್ಲ, ತಿರುವು ದಾರಿಗಳ ಸ್ಪರ್ಧೆಗಾಗಿ ಕಟ್ಟಿದ್ದು. ಆದರೂ ಅದರಲ್ಲಿ ಒಂದು ಸ್ವಾರಸ್ಯವಿದೆ. ಚೈನು ಹಿಂದಿನ ಚಕ್ರವನ್ನು ತಿರುಗಿಸಬೇಕಾದ್ದರಿಂದ ಎಂಜಿನ್ನನ್ನು ಚಾಲಕನ ಹಿಂದೆ ಇಡುವುದು ಅನುಕೂಲವಾಯಿತು. ಅನುಕೂಲಕ್ಕಾಗಿ ಮಾಡಿದ ಆ ಏರ್ಪಾಡೇ ಬೆಳೆದು, 1959ರಲ್ಲಿ ಹಿಂದೆ ಎಂಜಿನ್ನುಳ್ಳ ಕೂಪರ್ ಕಾರಿನಲ್ಲಿ ಜಾಕ್ ಬ್ರಾಭಮ್ ವಿಶ್ವ ಚಾಂಪಿಯನ್ ಆದನು.

ಕಾರಿಗೆ ಮೋಟಾರ್ ಸೈಕಲ್ಲಿನ ಎಂಜಿನ್ನೇ ಏಕೆ ಎಂದು ಕೇಳಬಹುದು. ಅದು ಹಗುರ, ತನ್ನ ಗಾತ್ರಕ್ಕೆ ಹೆಚ್ಚು ಬಲವುಳ್ಳದ್ದು, ಎಂಜಿನ್ನು, ಕ್ಲಚ್ಚು, ಗೇರುಪೆಟ್ಟಿಗೆ ಮೂರೂ ಒಂದೇ ಕವಚದೊಳಗೆ ಅಡಗಿರುತ್ತವೆ. ಉದಾಹರಣೆಗೆ, 1999ರಲ್ಲಿ ಹೊರಬಂದ ಸುಜುಕಿ ಹಯಾಬುಸ ಎಂಬ ಮೋಟಾರ್ ಸೈಕಲ್ಲಿನ ಎಂಜಿನ್ನು ಸುಮಾರು 1300 ಸಿಸಿಯದು. ನಿಮಿಷಕ್ಕೆ ಹೆಚ್ಚುಕಡಿಮೆ 10,000 ಸುತ್ತಿನ ಬಳಿ ಸುಮಾರು 170 ಅಶ್ವಶಕ್ತಿಯನ್ನು ಕೊಡುತ್ತದೆ. ಇದನ್ನು ಕಾರುಗಳಿಗೆ ಕೂರಿಸಿದವರು ಬಹಳ ಮಂದಿ. ಇದನ್ನೇ ಹಿಡಿದು ಒಂದು ಲೆಕ್ಕ ಮಾಡೋಣ. ಗುಣಾಕಾರ ಭಾಗಾಕಾರ ಬಲ್ಲ ಯಾರಿಗಾದರೂ ಇದು ಸಾಧ್ಯ. ಕಲಾ ವಿಭಾಗದವರೂ ಹೆದರಬೇಕಾಗಿಲ್ಲ.

ಈ ಎಂಜಿನ್ನಿನ ಸುತ್ತು ಚಕ್ರವನ್ನು ತಲಪುವ ಮುನ್ನ ಮೂರು ಕಡೆ ಇಳಿಯುತ್ತದೆ. ಮೊದಲನೆಯದು ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ: 52 ಹಲ್ಲಿನ ಚಕ್ರವು 83 ಹಲ್ಲಿನದನ್ನು ತಿರುಗಿಸುತ್ತದೆ. ಎರಡನೆಯದು ಗೇರುಪೆಟ್ಟಿಗೆಯಲ್ಲಿ: ಆರನೆಯ ಗೇರಿನಲ್ಲಿ 23 ಹಲ್ಲು 24ನ್ನು ತಿರುಗಿಸುತ್ತದೆ. ಇವೆರಡನ್ನೂ ಲೆಕ್ಕಕ್ಕೆ ಹಿಡಿದರೆ ಎಂಜಿನ್ನಿನ 10,000 ಸುತ್ತು ಗೇರುಪೆಟ್ಟಿಗೆಯಿಂದ ಹೊರಬರುವಾಗ ಸುಮಾರು 6000 ಆಗಿರುತ್ತದೆ. ಇವೆರಡನ್ನು ಕಾರು ಕಟ್ಟುವವನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೂರನೆಯದು ಚೈನಿನದು, ಅವನ ಕೈಯಲ್ಲಿರುವುದು ಇದೊಂದೇ. ಮುಂದಿನ ಸ್ಪ್ರಾಕೆಟಿಗೆ 18 ಹಲ್ಲು, ಹಿಂದಿನದಕ್ಕೆ 40 ಹಲ್ಲು ಇಟ್ಟನೆನ್ನಿ. ಆಗ ಚಕ್ರವು ನಿಮಿಷಕ್ಕೆ ಸುಮಾರು 2700 ಸುತ್ತು ತಿರುಗುತ್ತದೆ. ಚಕ್ರದ ವ್ಯಾಸ 65 ಸೆಂಟಿಮೀಟರ್ ಆದರೆ ಒಂದು ಸುತ್ತಿಗೆ ಸಾಗುವ ದೂರ 2.04 ಮೀಟರ್. ಗುಣಿಸಿದರೆ ಗಂಟೆಗೆ ಸುಮಾರು 330 ಕಿಲೋಮೀಟರ್ ಬರುತ್ತದೆ.

ಆ ಕಾರಿನ ಆಕಾರಕ್ಕೆ, ಆ ಎಂಜಿನ್ನಿನ ಬಲಕ್ಕೆ 330 ಕಿಲೋಮೀಟರೇ ನಿಜವಾದ ಮಿತಿಯೆಂದು ಇಟ್ಟುಕೊಳ್ಳೋಣ. ಈಗ ಆಸೆ ತಲೆಯೆತ್ತುತ್ತದೆ. ಹಿಂದೆ 40ರ ಬದಲು 36 ಹಲ್ಲು ಹಾಕಿದರೆ ಕಾಗದದ ಮೇಲೆ 367 ಕಿಲೋಮೀಟರ್! ಖರ್ಚು ಒಂದು ಸ್ಪ್ರಾಕೆಟಿನದು. ನಮ್ಮ ಮಿತ್ರನು ಮಾಡಿದುದೂ ಇದನ್ನೇ. ಆದರೆ ಗಾಳಿಯೆಂಬ ಸಾಹುಕಾರನು ಈ ಲೆಕ್ಕಕ್ಕೆ ಒಪ್ಪುವವನಲ್ಲ. ವೇಗವು ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ವೇಗವನ್ನು ನೂರಕ್ಕೆ 10ರಷ್ಟು ಹೆಚ್ಚಿಸಬೇಕಾದರೆ ಶಕ್ತಿಯನ್ನು ನೂರಕ್ಕೆ 33ರಷ್ಟು ಹೆಚ್ಚಿಸಬೇಕು. 330ರಿಂದ 367ಕ್ಕೆ ಏರಲು ನೂರಕ್ಕೆ ಸುಮಾರು 37ರಷ್ಟು ಹೆಚ್ಚು ಬಲ ಬೇಕು. ಅದನ್ನು ಕೊಡುವವರು ಯಾರು? ಸ್ಪ್ರಾಕೆಟು ಬಲವನ್ನು ಹುಟ್ಟಿಸುವುದಿಲ್ಲ. 36 ಹಲ್ಲಿಗೆ 330ರ ವೇಗದಲ್ಲಿ ಎಂಜಿನ್ನು ತಿರುಗುವುದು 9000 ಸುತ್ತು ಮಾತ್ರ. ಅಲ್ಲಿ ಅದರ ಪೂರ್ಣಬಲ ದೊರೆಯದು. ಆದುದರಿಂದ 330ನ್ನೂ ಹಿಡಿದು ನಿಲ್ಲಲಾರದೆ ಕಾರು ಅದಕ್ಕಿಂತ ಕೆಳಗೆ ಇಳಿಯುತ್ತದೆ. 367ಕ್ಕೆ ಕೈಚಾಚಿದವನು 330ನ್ನೂ ಕಳೆದುಕೊಳ್ಳುತ್ತಾನೆ.

ಹಾಗೆಂದು ಅತಿಯಾದ ಅಳುಕೂ ಸಲ್ಲದು. ಹಿಂದೆ 44 ಹಲ್ಲು ಹಾಕಿದವನ ಕಾರು ಚುರುಕಾಗಿ ಏರುತ್ತದೆ, ಆದರೆ 300ರಲ್ಲಿಯೇ ಎಂಜಿನ್ನು 10,000 ಸುತ್ತನ್ನು ಮುಟ್ಟಿ ನಿಲ್ಲುತ್ತದೆ. ಇದ್ದ ಬಲವೇ ವ್ಯರ್ಥವಾಗುತ್ತದೆ. ಇನ್ನೂ ಒಂದು ತೊಡಕುಂಟು. ಉಪ್ಪಿನ ನೆಲ ಡಾಂಬರು ರಸ್ತೆಯಲ್ಲ. ಚಕ್ರವು ಸ್ವಲ್ಪ ಜಾರುತ್ತಲೇ ಇರುತ್ತದೆ. ನೂರಕ್ಕೆ ಐದು ಪಾಲು ಜಾರಿದರೆ 40 ಹಲ್ಲಿನ 330 ಕಿಲೋಮೀಟರು 314ಕ್ಕೆ ಇಳಿಯುತ್ತದೆ. ಬಲ್ಲವನು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದು 38 ಹಲ್ಲು ಹಾಕುತ್ತಾನೆ. ಕಾಗದದ ಮೇಲೆ 348. ಜಾರಿಕೆಯನ್ನು ಕಳೆದರೆ ಸರಿಯಾಗಿ 330. ಜೊತೆಗೆ, ವೇಗ ಹೆಚ್ಚಿದಂತೆ ಟೈರು ಉಬ್ಬಿ ಅದರ ವ್ಯಾಸ ಕೊಂಚ ಬೆಳೆಯುತ್ತದೆ. ಬಿಸಿಲೇರಿದರೆ ಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುತ್ತದೆ. ಆದಕಾರಣ ಈ ಜನರು ಹಲವು ಹಲ್ಲುಗಳ ಸ್ಪ್ರಾಕೆಟುಗಳನ್ನು ಜೊತೆಗೆ ಕೊಂಡೊಯ್ದು, ಓಡಿ ನೋಡಿ, ಎಂಜಿನ್ನು ಎಷ್ಟು ಸುತ್ತು ತಿರುಗಿತೆಂಬುದನ್ನೂ ಗಡಿಯಾರ ಎಷ್ಟು ವೇಗ ಹೇಳಿತೆಂಬುದನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದೆರಡು ಹಲ್ಲು ಬದಲಿಸಿ ಮತ್ತೆ ಓಡುತ್ತಾರೆ.

ಕಡೆಯ ಗೇರನ್ನು ಸರಿಮಾಡಿದರೆ ಮೊದಲ ಗೇರು ತಂಟೆ ಮಾಡುತ್ತದೆ. ಈ ಎಂಜಿನ್ನಿನ ಮೊದಲ ಗೇರಿನಲ್ಲಿ 13 ಹಲ್ಲು 34ನ್ನು ತಿರುಗಿಸುತ್ತದೆ. 38 ಹಲ್ಲಿನ ಸ್ಪ್ರಾಕೆಟಿನೊಡನೆ ಎಂಜಿನ್ನು 3000 ಸುತ್ತು ತಿರುಗುವಾಗಲೇ ಕಾರು ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿರಬೇಕು. ನಿಂತಲ್ಲಿಂದ ಅಲ್ಲಿಯವರೆಗೂ ಕ್ಲಚ್ಚನ್ನು ಜಾರಿಸಿಕೊಂಡೇ ಹೋಗಬೇಕು. ಹಗುರವಾದ ಮೋಟಾರ್ ಸೈಕಲ್ಲಿಗಾಗಿ ಮಾಡಿದ ಆ ಪುಟ್ಟ ಕ್ಲಚ್ಚು ಕಾರಿನ ಭಾರಕ್ಕೆ ಸುಟ್ಟು ಹೋದೀತು. ಇದಕ್ಕೆ ಬಾನ್‌ವಿಲ್ಲಿನವರು ಕಂಡುಕೊಂಡ ಪರಿಹಾರ ಬಹಳ ಸರಳವಾದುದು: ಹಿಂದಿನಿಂದ ಇನ್ನೊಂದು ಗಾಡಿಯಲ್ಲಿ ನೂಕುತ್ತಾರೆ! ಜಗತ್ತಿನ ಅತಿವೇಗದ ಕಾರುಗಳಲ್ಲಿ ಎಷ್ಟೋ ಕಾರುಗಳು ಹೊರಡುವುದು ನಮ್ಮೂರಿನ ಹಳೆಯ ಬಸ್ಸಿನಂತೆ ನೂಕಿಸಿಕೊಂಡೇ. ಅದರಲ್ಲಿ ಅವರಿಗೆ ನಾಚಿಕೆಯಿಲ್ಲ. ಎಲ್ಲಿ ಯಾರ ಸಹಾಯ ಬೇಕೆಂದು ತಿಳಿದಿರುವುದೂ ಲೆಕ್ಕದ ಒಂದು ಭಾಗವೇ.

ಇನ್ನು ಕಟ್ಟುವ ವಿಚಾರ. ಬಲವನ್ನು ಹೆಚ್ಚಿಸಲಾಗದಿದ್ದರೆ ತಡೆಯನ್ನು ತಗ್ಗಿಸಬೇಕು. ಅದಕ್ಕಾಗಿ ಚಾಲಕನನ್ನು ಬಹುಮಟ್ಟಿಗೆ ಮಲಗಿಸಿಯೇ ಬಿಡುತ್ತಾರೆ. ಅವನ ಭುಜದ ಅಗಲಕ್ಕಿಂತ ಸ್ವಲ್ಪವೇ ಹೆಚ್ಚು ಅಗಲದ ಕವಚವನ್ನು ಹೊದಿಸುತ್ತಾರೆ. ರೇಡಿಯೇಟರಿಗೆ ಗಾಳಿಯ ಬಾಯಿ ತೆರೆದರೆ ತಡೆ ಹೆಚ್ಚುವುದರಿಂದ, ಓಟವು ಕೆಲವೇ ನಿಮಿಷದ್ದೆಂದು, ಕೆಲವರು ಒಂದು ತೊಟ್ಟಿ ನೀರನ್ನೇ ಹೊತ್ತುಕೊಂಡು ಹೋಗುತ್ತಾರೆ. ಹಾದಿ ನೇರವಾದ್ದರಿಂದ ಎಡಚಕ್ರ ಬಲಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಬೇಕಾದ ಅಗತ್ಯವಿಲ್ಲ. ಆದುದರಿಂದ ಡಿಫರೆನ್ಷಿಯಲ್ಲನ್ನು ಬಿಟ್ಟು, ಒಂದೇ ಅಚ್ಚಿಗೆ ಸ್ಪ್ರಾಕೆಟನ್ನು ಬಿಗಿಯಬಹುದು. ಹಗುರವೇ ಲೇಸು ಎಂಬ ನಮ್ಮ ನಂಬಿಕೆಯೂ ಇಲ್ಲಿ ಪೂರ್ತಿ ನಿಲ್ಲದು. ಚಕ್ರವು ಉಪ್ಪನ್ನು ಕಚ್ಚಬೇಕಾದರೆ ಅದರ ಮೇಲೆ ಭಾರ ಬೇಕು. ಬೇಕೆಂದೇ ಸೀಸದ ಗಟ್ಟಿಗಳನ್ನು ಹೇರುವುದುಂಟು. ಆ ಭಾರವನ್ನು ಎಲ್ಲಿಡಬೇಕೆಂಬುದು ಮತ್ತೊಂದು ಸಮಸ್ಯೆ. ಬಾಣದ ಮೂತಿ ಭಾರ, ಬಾಲಕ್ಕೆ ಗರಿ. ಅದಕ್ಕೇ ಅದು ನೆಟ್ಟಗೆ ಹೋಗುತ್ತದೆ. ಚೈನಿನ ಅನುಕೂಲಕ್ಕಾಗಿ ಎಂಜಿನ್ನನ್ನು ಹಿಂದಿಟ್ಟರೆ ಚಕ್ರಕ್ಕೆ ಹಿಡಿತ ಸಿಕ್ಕುತ್ತದೆ, ಆದರೆ ಬಾಣದ ಬಾಲವೇ ಭಾರವಾಗುತ್ತದೆ. ಅಡ್ಡಗಾಳಿ ಬೀಸಿದರೆ ಕಾರು ತಿರುಗಿ ಬೀಳಬಹುದು. ಆಗ ಮೂತಿಯಲ್ಲಿ ಸೀಸ, ಬಾಲದಲ್ಲಿ ನಿಲುವಾದ ರೆಕ್ಕೆ. ಹೀಗೆ ಒಂದನ್ನು ಪಡೆಯಲು ಇನ್ನೊಂದನ್ನು ಎಷ್ಟು ಬಿಡಬೇಕೆಂಬ ವಿವೇಕವೇ ಇಡೀ ಕಟ್ಟಡದ ತಿರುಳು.

ಇದೆಲ್ಲವನ್ನೂ ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವಿದೆ. ಈ ಕ್ರೀಡೆಯಲ್ಲಿ ಮನುಷ್ಯನು ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದಕ್ಕೆ ಎಡೆಯೇ ಇಲ್ಲ. ಬೇರೆ ಕ್ಷೇತ್ರಗಳಲ್ಲಿ ನಮ್ಮ ಆಸೆಯನ್ನೇ ನಮ್ಮ ಯೋಗ್ಯತೆಯೆಂದು ಬಹುಕಾಲ ನಂಬಿಕೊಂಡು ಹೋಗಬಹುದು. ಉಪ್ಪಿನ ಬಯಲಿನಲ್ಲಿ ಆಸೆಗೆ ತಕ್ಕ ಗೇರನ್ನು ಹಾಕಿದವನು ಯೋಗ್ಯತೆಗಿಂತಲೂ ಕೆಳಗಿನ ಅಂಕಿಯನ್ನು ಹಿಡಿದುಕೊಂಡು ಮನೆಗೆ ಹಿಂತಿರುಗುತ್ತಾನೆ. ನಮ್ಮ ಪರೀಕ್ಷೆಗಳ ವಿಚಾರದಲ್ಲಿ, ಉದ್ಯೋಗದ ವಿಚಾರದಲ್ಲಿ, ಸಾಲ ಮಾಡಿ ನಡೆಸುವ ಮದುವೆಗಳ ವಿಚಾರದಲ್ಲಿ ಈ ಅಂಕಿಯನ್ನು ತೋರಿಸುವ ಗಡಿಯಾರವೊಂದು ಇದ್ದಿದ್ದರೆ ಎಷ್ಟು ಸಂಸಾರಗಳು ಉಳಿಯುತ್ತಿದ್ದವೋ!

ಬಲವನ್ನು ಅರಿತು ನಡೆಯುವುದೆಂದರೆ ಇದ್ದಲ್ಲಿಯೇ ಇರುವುದೆಂದು ಯಾರೂ ತಿಳಿಯಬಾರದು. ನ್ಯೂಜಿಲೆಂಡಿನ ಇನ್‌ವರ್‌ಕಾರ್ಗಿಲ್ ಎಂಬ ಊರಿನ ಬರ್ಟ್ ಮನ್ರೊ ಕಟ್ಟಿದ್ದು ಕಾರನ್ನಲ್ಲ, ಮೋಟಾರ್ ಸೈಕಲ್ಲನ್ನು. ಆದರೂ ಅವನ ಹೆಸರನ್ನು ಇಲ್ಲಿ ಹೇಳಲೇಬೇಕು. 1920ರ ಇಂಡಿಯನ್ ಸ್ಕೌಟ್ ಮೋಟಾರ್ ಸೈಕಲ್ಲೊಂದನ್ನು ಅವನು ದಶಕಗಳ ಕಾಲ ತನ್ನ ಷೆಡ್ಡಿನಲ್ಲಿ ತಿದ್ದಿದನು. ಪಿಸ್ಟನ್ನುಗಳನ್ನು ತಾನೇ ಎರಕ ಹೊಯ್ದನು. ಮುರಿದವನ್ನು ಮತ್ತೆ ಮಾಡಿದನು. ಹುಟ್ಟಿದಾಗ ಗಂಟೆಗೆ ಸುಮಾರು 55 ಮೈಲಿ ಓಡುತ್ತಿದ್ದ ಆ ಯಂತ್ರವು 1967ರಲ್ಲಿ, ಅವನಿಗೆ 68 ವರ್ಷವಾಗಿದ್ದಾಗ, ಬಾನ್‌ವಿಲ್ಲಿನಲ್ಲಿ 183 ಮೈಲಿಯನ್ನು ದಾಟಿ ದಾಖಲೆ ಮಾಡಿತು. ಮೊದಲು ಬಲವನ್ನು ಬೆಳೆಸು, ಅನಂತರ ಗೇರನ್ನು ಏರಿಸು. ಆ ಕ್ರಮವನ್ನು ತಲೆಕೆಳಗು ಮಾಡಬಾರದು, ಅಷ್ಟೆ.

ಆಕ್ಷೇಪಣೆಗಳಿಲ್ಲದೆ ಇಲ್ಲ. ಇಷ್ಟು ಹಣ, ಇಷ್ಟು ಶ್ರಮ ಒಂದು ಅಂಕಿಗಾಗಿಯೇ ಎಂದು ಅರ್ಥಶಾಸ್ತ್ರದ ಮಿತ್ರರು ಕೇಳುತ್ತಾರೆ. ಉಪಯೋಗವೊಂದೇ ಅಳತೆಗೋಲಾದರೆ ನಮ್ಮ ವಿಭಾಗದಲ್ಲಿ ಕಲಿಸುವ ಎಷ್ಟೋ ವಿಷಯಗಳಿಗೂ ಉತ್ತರ ಹೇಳುವುದು ಕಷ್ಟವಾದೀತು. ಪ್ರಕೃತಿಗೆ ಹಾನಿಯಲ್ಲವೇ ಎಂಬ ಪ್ರಶ್ನೆ ಹೆಚ್ಚು ತೂಕದ್ದು. ಬಾನ್‌ವಿಲ್ಲಿನ ಉಪ್ಪಿನ ಹಾಸು ವರ್ಷವರ್ಷಕ್ಕೂ ತೆಳುವಾಗುತ್ತ ಬಂದಿದೆ. ಮಳೆಯಿಂದಲೋ ಕೆಟ್ಟ ನೆಲದಿಂದಲೋ 2014, 2015 ಮತ್ತು 2022ರಲ್ಲಿ ಸ್ಪೀಡ್ ವೀಕೇ ನಡೆಯಲಿಲ್ಲ. ಆ ಉಪ್ಪನ್ನು ಉಳಿಸಿಕೊಡಿರೆಂದು ಬಹುಕಾಲದಿಂದ ಕೇಳುತ್ತ ಬಂದವರಲ್ಲಿ ಓಟಗಾರರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಮೂರನೆಯ ಆಕ್ಷೇಪಣೆ ನಮ್ಮ ಅಧ್ಯಾಪಕರೊಬ್ಬರದು. "ಇಂಥದ್ದನ್ನು ಬರೆದರೆ ಹುಡುಗರ ತಲೆ ಕೆಡುತ್ತದೆ, ಈಗಲೇ ಬೈಪಾಸ್ ರಸ್ತೆಯಲ್ಲಿ ವ್ಹೀಲಿಂಗ್ ಮಾಡಿ ಕೈಕಾಲು ಮುರಿದುಕೊಳ್ಳುತ್ತಿದ್ದಾರೆ" ಎಂದು ಅವರು ಎಚ್ಚರಿಸಿದರು. ಅವರ ಕಳವಳ ನ್ಯಾಯವಾದುದೇ. ಆದರೆ ನನಗೆ ತೋರುವುದು ಇದಕ್ಕೆ ವಿರುದ್ಧ. ಬೈಪಾಸಿನಲ್ಲಿ ಓಡಿಸುವವನಿಗೆ ವೇಗದ ವಿಚಾರ ತಿಳಿದಿರುವುದರಿಂದ ಅವನು ಹಾಗೆ ಮಾಡುವುದಿಲ್ಲ. ತಿಳಿಯದೆ ಇರುವುದರಿಂದ ಮಾಡುತ್ತಾನೆ. ಬಾನ್‌ವಿಲ್ಲಿನಲ್ಲಿ ಕಾರನ್ನು ಓಡಿಸುವ ಮುನ್ನ ಪರೀಕ್ಷಕರು ಅದರ ಸುತ್ತ ನಿಂತು ಉಕ್ಕಿನ ಪಂಜರವನ್ನೂ, ಬೆಂಕಿ ಆರಿಸುವ ಸಾಧನವನ್ನೂ, ಸೊಂಟಪಟ್ಟಿಯನ್ನೂ, ಬಾಲದ ಪ್ಯಾರಾಷೂಟನ್ನೂ ಪರೀಕ್ಷಿಸುತ್ತಾರೆ. ಹೊಸಬನು ಎಷ್ಟೇ ಧೀರನಾಗಿರಲಿ, ಒಂದು ಮಿತಿಯ ವೇಗದಲ್ಲಿ ಓಡಿ ತೋರಿಸಿದ ಮೇಲೆಯೇ ಅವನಿಗೆ ಮುಂದಿನ ಮಿತಿಗೆ ಪರವಾನಗಿ ಸಿಕ್ಕುತ್ತದೆ. ಇಷ್ಟಾದರೂ ಆ ಉಪ್ಪಿನ ಮೇಲೆ ಪ್ರಾಣ ಕಳೆದುಕೊಂಡವರಿದ್ದಾರೆ. ಎದುರಿಗೆ ಎತ್ತಿನ ಗಾಡಿಯಾಗಲಿ ಶಾಲೆಯ ಮಕ್ಕಳಾಗಲಿ ಇಲ್ಲದ, ಮೈಲಿಗಟ್ಟಲೆ ಬರಿದಾದ ಬಯಲಿನಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ನಮ್ಮ ರಸ್ತೆಯ ಮೇಲೆ ಹೆಲ್ಮೆಟ್ಟೂ ಇಲ್ಲದೆ ಹಾರುವವನನ್ನು ಏನೆಂದು ಕರೆಯಬೇಕು? ಅವನನ್ನು ವೇಗಪ್ರಿಯನೆಂದು ಕರೆಯಲು ನಾನು ಒಪ್ಪುವುದಿಲ್ಲ. ಅವನು ವೇಗವನ್ನು ಅವಮಾನಿಸುವವನು.

ನಮ್ಮ ನಾಡಿನಲ್ಲಿ ಈ ವಿದ್ಯೆಯ ಗಂಧವೇ ಇಲ್ಲವೆಂದೂ ಅಲ್ಲ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿ ತಂಡಗಳು 'ಫಾರ್ಮುಲಾ ಸ್ಟೂಡೆಂಟ್' ಎಂಬ ಸ್ಪರ್ಧೆಗಳಿಗಾಗಿ ಮೋಟಾರ್ ಸೈಕಲ್ ಎಂಜಿನ್ನಿನ ಪುಟ್ಟ ಕಾರುಗಳನ್ನು ತಾವೇ ಕಟ್ಟುತ್ತ ಬಂದಿವೆ. ಅವು ಓಡುವುದು ಇಕ್ಕಟ್ಟಾದ ತಿರುವುಗಳ ಹಾದಿಯಲ್ಲಿ. ಆದುದರಿಂದ ಅವರ ಗೇರಿನ ಲೆಕ್ಕ ಉಪ್ಪಿನ ಬಯಲಿನ ಲೆಕ್ಕಕ್ಕೆ ನೇರ ವಿರುದ್ಧ. ಅಲ್ಲಿ ಗರಿಷ್ಠ ವೇಗಕ್ಕಿಂತ ಬೇಗ ಏರುವುದು ಮುಖ್ಯ. ಹಿಂದೆ ಹೆಚ್ಚು ಹಲ್ಲು ಬೇಕು. ಆದರೂ ಪ್ರಶ್ನೆ ಅದೇ: ಇರುವ ಬಲವೆಷ್ಟು, ಹೋಗಬೇಕಾದ ದಾರಿ ಎಂಥದು?

ನಮ್ಮದು ಕಲಾ ಕಾಲೇಜು; ನಾವು ಕಾರು ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಸೂಚನೆ ಬಹಳ ಅಲ್ಪವಾದುದು. ಒಂದು ಮಧ್ಯಾಹ್ನ ನಾಲ್ಕಾರು ಮಂದಿ ನಮ್ಮ ಸೈಕಲ್ ಸ್ಟ್ಯಾಂಡಿಗೆ ಹೋಗಿ, ಯಾವುದಾದರೂ ಮೋಟಾರ್ ಸೈಕಲ್ಲಿನ ಹಿಂದಿನ ಸ್ಪ್ರಾಕೆಟಿನ ಹಲ್ಲುಗಳನ್ನು ಎಣಿಸಲಿ. ಚಕ್ರದ ಸುತ್ತಳತೆಯನ್ನು ದಾರದಿಂದ ಅಳೆಯಲಿ. ಉಳಿದ ಅಂಕಿಗಳನ್ನು ಗಾಡಿಯ ಕೈಪಿಡಿಯಿಂದ ತೆಗೆದುಕೊಂಡು ಲೆಕ್ಕ ಹಾಕಲಿ. ಆ ಗಾಡಿಯನ್ನು ಮಾಡಿದವರು ಆ ಹಲ್ಲುಗಳನ್ನೇ ಏಕೆ ಇಟ್ಟರೆಂಬುದು ಆಗ ತಿಳಿಯುತ್ತದೆ. ನಮ್ಮ ಮಿತ್ರನೂ ಕಡೆಗೆ ಇದೇ ಕೆಲಸ ಮಾಡಿದನು. ಲೆಕ್ಕ ಮುಗಿದ ಮೇಲೆ ಹಳೆಯ ಸ್ಪ್ರಾಕೆಟನ್ನು ಹುಡುಕಿ ತೆಗೆದು, ಬೈದಿದ್ದ ಗ್ಯಾರೇಜಿನವನ ಬಳಿಗೇ ಹೋಗಿ, ಕ್ಷಮೆ ಕೇಳಿ ಹಾಕಿಸಿಕೊಂಡು ಬಂದನು. ಗಾಡಿ ಈಗ ಮೊದಲಿನಂತೆಯೇ ಓಡುತ್ತಿದೆ.